ಗುಂಡು ತಾಗದ ಕಡತ

2021ರ ಜೂನ್‌ನಲ್ಲಿ ಉತ್ತರ ಪ್ರದೇಶದ ಉನ್ನಾವ್‌ನಲ್ಲಿ ಭಾರತದ ಪೊಲೀಸ್ ವ್ಯವಸ್ಥೆ ರಕ್ಷಾಕವಚದ ವಿಷಯದಲ್ಲಿ ಸಂಪೂರ್ಣ ಸ್ವಾವಲಂಬನೆ ಸಾಧಿಸಿತು. ಅಪಘಾತದಲ್ಲಿ ಇಬ್ಬರು ಯುವಕರು ಸತ್ತದ್ದಕ್ಕೆ ಸಿಟ್ಟಿಗೆದ್ದ ಜನ ಕಲ್ಲು ತೂರುತ್ತಿದ್ದರು. ಎದುರಿಗೆ ನಿಂತ ಪೊಲೀಸರಲ್ಲಿ ಒಬ್ಬರ ತಲೆಯ ಮೇಲೆ ಪ್ಲಾಸ್ಟಿಕ್ ಸ್ಟೂಲ್. ಇನ್ನೊಬ್ಬರ ಕೈಯಲ್ಲಿ ಗುರಾಣಿಯ ಜಾಗದಲ್ಲಿ ಬುಟ್ಟಿ. ಆ ಫೋಟೊ ದೇಶವೆಲ್ಲ ಸುತ್ತಿತು, ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕು ಮುಗಿಸುವಷ್ಟರಲ್ಲಿ ಇಲಾಖೆ ಕ್ರಮ ಕೈಗೊಂಡಿತು. ಎಲ್ಲರಿಗೂ ಹೆಲ್ಮೆಟ್ ಹಂಚಿತು ಎಂದುಕೊಂಡಿರಾ? ಠಾಣಾಧಿಕಾರಿಯೂ ಸೇರಿದಂತೆ ಕೆಲವರನ್ನು ಅಮಾನತು ಮಾಡಿತು. ಸರಿಯಾದ ಸಜ್ಜಿಲ್ಲದೆ ಗಲಭೆಯ ಜಾಗಕ್ಕೆ ಹೋದದ್ದು ಅವರ ನಿರ್ಲಕ್ಷ್ಯವಂತೆ. ಸ್ಟೂಲು ಮತ್ತು ಬುಟ್ಟಿಗಳ ಮೇಲೆ ಏನು ಕ್ರಮವಾಯಿತೋ ತಿಳಿಯಲಿಲ್ಲ.

ಪೊಲೀಸರಿಗೆ ರಕ್ಷಾಕವಚ ಕಡ್ಡಾಯ ಮಾಡಬೇಕೆ ಎಂಬ ಚರ್ಚೆ ಆಗಾಗ ಏಳುತ್ತದೆ. ಹವಾನಿಯಂತ್ರಿತ ಸ್ಟುಡಿಯೋದಲ್ಲಿ ಕುಳಿತವರೆಲ್ಲ ‘ಆಗಲೇಬೇಕು’ ಎನ್ನುತ್ತಾರೆ. ಕಡ್ಡಾಯವಾದ ಮರುದಿನ ಜಾಕೆಟ್ ಬರುತ್ತದೆಂದು ನಂಬುವಷ್ಟು ಮುಗ್ಧರು ಇವರು. ಮೊದಲು ಬರುವುದು ಸುತ್ತೋಲೆ, ಅದರ ಹಿಂದೆಯೇ ಕಾರಣ ಕೇಳಿ ನೋಟಿಸ್. ಜಾಕೆಟ್ ಬರುವುದು ಟೆಂಡರ್ ಕರೆದು, ರದ್ದಾಗಿ, ಮತ್ತೆ ಕರೆದು, ಯಾರೋ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದು, ಅದೂ ತೆರವಾದ ಮೇಲೆ. ಅಷ್ಟರಲ್ಲಿ ಅಳತೆ ಕೊಟ್ಟಿದ್ದ ಪೇದೆ ದಫೇದಾರನಾಗಿ, ಸೊಂಟದ ಸುತ್ತಳತೆಯಲ್ಲಿಯೂ ಬಡ್ತಿ ಪಡೆದಿರುತ್ತಾನೆ.

ಅಮೆರಿಕದವರಿಗೆ ಈ ಸೂಕ್ಷ್ಮಗಳು ಗೊತ್ತಿಲ್ಲ. ಅಲ್ಲಿನ ಕೇಂದ್ರ ಸರ್ಕಾರ ಊರೂರಿನ ಪೊಲೀಸರಿಗೆ ಜಾಕೆಟ್ ಕೊಳ್ಳಲು ಅರ್ಧದಷ್ಟು ಹಣ ಕೊಡುತ್ತ ಬಂದು, ಹತ್ತು ವರ್ಷಗಳೇ ಕಳೆದ ಮೇಲೆ, 2011ರಲ್ಲಿ, ‘ಹಣ ಬೇಕಿದ್ದರೆ ತೊಡುವುದನ್ನು ಕಡ್ಡಾಯ ಮಾಡಿ’ ಎಂದಿತು. ಮೊದಲು ವಸ್ತು, ಆಮೇಲೆ ನಿಯಮ. ಎಂಥ ತಲೆಕೆಳಗಾದ ಆಡಳಿತ!

ನಮ್ಮ ಕ್ರಮ ಬೇರೆ. ಬಾಟಲಿ ನೀರಿಗೆ ಐಎಸ್‌ಐ ಮುದ್ರೆ 2001ರಲ್ಲೇ ಕಡ್ಡಾಯವಾಯಿತು. ಗುಂಡುನಿರೋಧಕ ಜಾಕೆಟ್ಟಿಗೆ ನಮ್ಮದೇ ಎನ್ನಬಹುದಾದ ಭಾರತೀಯ ಮಾನಕ ಬಂದದ್ದು 2018ರಲ್ಲಿ. ಈ ನಡುವಿನ ಹದಿನೇಳು ವರ್ಷ ಬಂದೋಬಸ್ತಿನ ಪೇದೆಗೆ ತಾನು ಕುಡಿಯುವ ನೀರಿನ ಗುಣಮಟ್ಟದ ಬಗ್ಗೆಯಾದರೂ ಭರವಸೆ ಇತ್ತು, ಬಾಟಲಿ ಕೊಳ್ಳಲು ದುಡ್ಡಿದ್ದರೆ.

ಆ ಹದಿನೇಳು ವರ್ಷಗಳ ನಡುವೆಯೇ ಬಂದದ್ದು 2008ರ ನವೆಂಬರ್ 26. ಮುಂಬೈಯ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ-47 ಹಿಡಿದು ಬಂದವರ ಎದುರು ನಿಂತ ರೈಲ್ವೆ ರಕ್ಷಣಾ ಪಡೆಯ ಸಿಬ್ಬಂದಿಯೊಬ್ಬರು ಸಹೋದ್ಯೋಗಿಯ ಹಳೆಯ ರೈಫಲ್ ಕಸಿದುಕೊಂಡು ಗುಂಡು ಹಾರಿಸಿದರು. ಅದು ಕೈಕೊಟ್ಟಿತು. ಆಗ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನೆತ್ತಿ ದಾಳಿಕೋರರಲ್ಲೊಬ್ಬನಾದ ಕಸಬ್‌ನತ್ತ ಎಸೆದರು. ಪ್ಲಾಸ್ಟಿಕ್ ಪೀಠೋಪಕರಣಗಳು ನಮ್ಮ ರಕ್ಷಣಾ ವ್ಯವಸ್ಥೆಯನ್ನು ಸೇರಿದ್ದು ಹೀಗೆ. 2008ರಲ್ಲಿ ಕುರ್ಚಿ ಇತ್ತು, 2021ರ ಹೊತ್ತಿಗೆ ಸ್ಟೂಲಿಗೆ ಇಳಿದಿದ್ದೇವೆ. ಮಿತವ್ಯಯದ ದೃಷ್ಟಿಯಿಂದ ಇದನ್ನು ಪ್ರಗತಿ ಎಂದೇ ದಾಖಲಿಸಬೇಕು.

ಅದೇ ರಾತ್ರಿ ಗಿರ್‌ಗಾಂವ್ ಚೌಪಾಟಿಯಲ್ಲಿ ಎಎಸ್‌ಐ ತುಕಾರಾಮ್ ಓಂಬಳೆ ಅವರ ಕೈಯಲ್ಲಿದ್ದದ್ದು ಲಾಠಿ. ಕಸಬ್‌ನ ಬಂದೂಕಿನ ನಳಿಗೆಯನ್ನು ಅವರು ಎರಡೂ ಕೈಗಳಿಂದ ಹಿಡಿದು ಬಿಡದೇ ನಿಂತರು. ಗುಂಡುಗಳು ಅವರ ಮೈಯೊಳಗೆ ಇಳಿದವು, ಕಸಬ್ ಜೀವಂತ ಸಿಕ್ಕಿದ. ಅವರಿಗೆ ಅಶೋಕ ಚಕ್ರ ಸಂದಿತು. ಅವರ ಬಗ್ಗೆ ತಮಾಷೆ ಮಾಡಲು ಈ ಅಂಕಣಕಾರನಿಗೆ ಮನಸ್ಸಿಲ್ಲ. ಅಂಥವರ ಎದೆಯನ್ನು ಬಜೆಟ್ಟಿನಲ್ಲಿ ಉಚಿತ ಸಾಮಗ್ರಿ ಎಂದು ಲೆಕ್ಕ ಹಾಕಿದವರ ಬಗ್ಗೆ ಮಾತ್ರ ಮಾತು.

ಅದೇ ರಾತ್ರಿ ದಾಳಿಕೋರರನ್ನು ಎದುರಿಸಲು ಹೊರಟ ಪೊಲೀಸ್ ಅಧಿಕಾರಿ ಹೇಮಂತ್ ಕರ್ಕರೆ ಅವರ ಬಳಿ ಜಾಕೆಟ್ ಇತ್ತು. ಅವರು ಹೆಲ್ಮೆಟ್ ಮತ್ತು ಜಾಕೆಟ್ ತೊಡುತ್ತಿದ್ದ ದೃಶ್ಯವನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಸ್ವಲ್ಪ ಹೊತ್ತಿನಲ್ಲೇ ಸಹ ಅಧಿಕಾರಿಗಳಾದ ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಅವರೊಂದಿಗೆ ಅವರೂ ಹತರಾದರು. ಜಾಕೆಟ್ಟಿನ ಗುಣಮಟ್ಟ ಹೇಗಿತ್ತು ಎಂಬ ಪ್ರಶ್ನೆ ಎದ್ದಿತು. ಗುಂಡು ಬಿದ್ದದ್ದು ಜಾಕೆಟ್ ಮುಚ್ಚದ ಕತ್ತು, ಹೆಗಲಿನ ಭಾಗಕ್ಕೆ, ಆದ್ದರಿಂದ ಅದು ಹೇಗಿದ್ದರೇನು ಎಂಬ ಸಮಾಧಾನವೂ ಜೊತೆಯಲ್ಲೇ ಬಂತು. ಸರಿ, ಹಾಗಾದರೆ ಜಾಕೆಟ್ ತೋರಿಸಿ ಎಂದು ಪತ್ನಿ ಕವಿತಾ ಕರ್ಕರೆ ಮಾಹಿತಿ ಹಕ್ಕಿನಡಿ ಕೇಳಿದರು. ಜಾಕೆಟ್ ಕಾಣೆಯಾಗಿದೆ ಎಂಬ ಉತ್ತರ ಸಿಕ್ಕಿತು. ಖರೀದಿಯ ಕಡತವಾದರೂ ಇದೆಯೇ ಎಂದು ಹುಡುಕಿದರೆ ಅದೂ ನಾಪತ್ತೆ. ಕಡೆಗೆ ತನಿಖೆ ನಡೆದು ಹೊರಬಿದ್ದ ಸಂಗತಿ ಇದು: ಆಸ್ಪತ್ರೆಯ ಸಫಾಯಿ ಕೆಲಸಗಾರನೊಬ್ಬ ಅದನ್ನು ಕಸಕ್ಕೆ ಹಾಕಿದ್ದ.

ಇಲ್ಲಿ ನಿಂತು ಯೋಚಿಸಬೇಕು. ದೇಶದ ಅತಿ ದೊಡ್ಡ ಭಯೋತ್ಪಾದಕ ದಾಳಿಗಳಲ್ಲಿ ಒಂದು. ಹತರಾದವರು ಭಯೋತ್ಪಾದನೆ ನಿಗ್ರಹ ದಳದ ಮುಖ್ಯಸ್ಥರು. ಅವರ ಮೈಮೇಲಿದ್ದ ಜಾಕೆಟ್ಟನ್ನು ಜಪ್ತಿ ಮಾಡಿ, ಚೀಟಿ ಅಂಟಿಸಿ, ಮುದ್ದೆಮಾಲು ಕೊಠಡಿಯಲ್ಲಿ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇಸ್ಪೀಟು ಅಡ್ಡೆಯಲ್ಲಿ ಸಿಕ್ಕ ಐವತ್ತೆರಡು ಎಲೆ, ಒಂದು ಟವೆಲ್ ಮತ್ತು ನಾಲ್ಕು ನೂರರ ನೋಟುಗಳನ್ನು ಪಂಚರ ಸಮಕ್ಷಮ ಮಹಜರು ಮಾಡಿ, ಮೊಹರು ಹಾಕಿ, ವರ್ಷಗಟ್ಟಲೆ ಕಾಪಾಡುವ ಇಲಾಖೆ ಇದು! ಗುಂಡು ಬಿದ್ದವನ ಜಾಕೆಟ್ ಮಾತ್ರ ಕಸದ ಪಾಲು. ಅದರ ಕಡತಕ್ಕೋ ಯಾವ ಗುಂಡೂ ತಾಗುವಂತಿಲ್ಲ. ಗುರಿ ಇಟ್ಟ ಕೂಡಲೇ ಅದು ಇದ್ದಲ್ಲಿ ಇರುವುದಿಲ್ಲ.

ದಾಳಿ ನಡೆದು ಒಂಬತ್ತು ವರ್ಷಗಳಾದ ಮೇಲೆ ಮಹಾರಾಷ್ಟ್ರ ಪೊಲೀಸರು ತಮಗೆ ಬಂದ 4,600 ಜಾಕೆಟ್‌ಗಳನ್ನು ಪರೀಕ್ಷೆಗೆ ಒಡ್ಡಿ, ಎಕೆ-47ರ ಗುಂಡು ತಡೆಯಲಾರದವೆಂದು 1,430ನ್ನು ವಾಪಸು ಕಳುಹಿಸಿದರು. ತೊಡಿಸುವ ಮೊದಲೇ ಪರೀಕ್ಷಿಸಿದರಲ್ಲ, ಅದಕ್ಕೆ ಬೆನ್ನು ತಟ್ಟೋಣ.

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ಇಲ್ಲಿ ಪೊಲೀಸರ ಮೈಮೇಲಿನ ಸಾಮಗ್ರಿಯ ಬಗ್ಗೆ ಸರ್ಕಾರ ಗಾಢವಾಗಿ ಚಿಂತಿಸಿಲ್ಲ ಎಂದು ಯಾರೂ ಹೇಳುವಂತಿಲ್ಲ. ಒಂದು ಮಗ್ಗುಲು ಮಡಚಿದ ಸ್ಲೋಚ್ ಹ್ಯಾಟ್ ಓಡುವಾಗ ಬೀಳುತ್ತದೆ, ಗಾಳಿಗೆ ಹಾರುತ್ತದೆ, ಕಳ್ಳನನ್ನು ಹಿಡಿಯುವುದೋ ಟೋಪಿಯನ್ನು ಹಿಡಿಯುವುದೋ ತಿಳಿಯುವುದಿಲ್ಲ ಎಂದು ಪೇದೆಗಳು ದಶಕಗಳಿಂದ ಹೇಳುತ್ತಿದ್ದರು. ಸಭೆಗಳಾದವು. ನೆರೆರಾಜ್ಯಗಳ ಟೋಪಿಗಳನ್ನು ತರಿಸಿ ನೋಡಲಾಯಿತು. ತೆಲಂಗಾಣದ ಮಾದರಿ ಒಪ್ಪಿಗೆಯಾಗಿ, 2025ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಗಳು ಸಮಾರಂಭ ನಡೆಸಿ ಕಡುನೀಲಿ ಪೀಕ್ ಕ್ಯಾಪ್ ತೊಡಿಸಿದರು. ಟೋಪಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತಲೆಯ ಮೇಲಿನ ಬಟ್ಟೆ ಬದಲಾಗಲು ಇಷ್ಟು ದಶಕ ಹಿಡಿಯಿತೆಂದರೆ ಎದೆಯ ಮೇಲಿನ ಕವಚಕ್ಕೆ ಎಷ್ಟು ಹಿಡಿಯಬಹುದು ಎಂಬ ಲೆಕ್ಕವನ್ನು ಓದುಗರಿಗೇ ಬಿಡುತ್ತೇನೆ.

ಅಲ್ಲದೆ ನಮ್ಮ ರಾಜ್ಯದಲ್ಲಿ ಯಾರಿಗೆ ಯಾವ ಭಾಗಕ್ಕೆ ಕವಚ ಬೇಕು ಎಂಬುದೇ ಜಟಿಲ ಪ್ರಶ್ನೆ. ಪತ್ರಿಕೆಗಳಲ್ಲಿ ಆಗಾಗ ಒಂದೇ ಸುದ್ದಿ ಬೇರೆ ಬೇರೆ ಊರಿನ ಹೆಸರು ಹೊತ್ತು ಬರುತ್ತದೆ. ಆರೋಪಿಯನ್ನು ಸ್ಥಳ ಮಹಜರಿಗೆ ಕರೆದೊಯ್ಯಲಾಗಿತ್ತು. ಆತ ಪೊಲೀಸರ ಮೇಲೆ ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದ. ಶರಣಾಗುವಂತೆ ಎಚ್ಚರಿಸಿ, ಗಾಳಿಯಲ್ಲಿ ಗುಂಡು ಹಾರಿಸಿ, ಕೇಳದಿದ್ದಾಗ ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಹೊಡೆಯಲಾಯಿತು. ಸಿಬ್ಬಂದಿಯೊಬ್ಬರ ಕೈಗೆ ಗಾಯ. ಇಬ್ಬರೂ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ. ಈ ಸುದ್ದಿಗಳನ್ನು ನಂಬುವುದಾದರೆ, ಎದೆಗೆ ಜಾಕೆಟ್ ಕೊಡುವುದು ಶುದ್ಧ ದುಂದುವೆಚ್ಚ. ಪೊಲೀಸರಿಗೆ ಬೇಕಾದದ್ದು ಎಡ ಮುಂಗೈಗೆ ಒಂದು ಪಟ್ಟಿ. ರೌಡಿಶೀಟರ್‌ಗಳಿಗೆ ಮೊಣಕಾಲಿನ ಕೆಳಗೆ ಕವಚ ಕಡ್ಡಾಯ ಮಾಡಿದರೆ ಆಸ್ಪತ್ರೆಯ ಖರ್ಚೂ ಉಳಿಯುತ್ತದೆ.

ತಮಾಷೆ ಒಂದು ಕಡೆ ಇರಲಿ. ಪಿಸ್ತೂಲಿನ ಗುಂಡು ತಡೆಯುವ ಮೆದು ಜಾಕೆಟ್ ಎರಡು ಮೂರು ಕಿಲೊ ತೂಗುತ್ತದೆ. ರೈಫಲ್ ಗುಂಡು ತಡೆಯಬೇಕಾದರೆ ಎದೆಗೂ ಬೆನ್ನಿಗೂ ಗಟ್ಟಿ ಫಲಕ ಸೇರಿಸಬೇಕು, ತೂಕ ಹತ್ತು ಕಿಲೊ ಆಸುಪಾಸಿಗೆ ಹೋಗುತ್ತದೆ. ಗುಂಡು ತಡೆಯುವ ಮೆದು ಜಾಕೆಟ್ ಚಾಕುವಿನ ಮೊನೆಯನ್ನೂ ತಡೆಯುತ್ತದೆಂಬ ಖಾತರಿ ಇಲ್ಲ, ಅದಕ್ಕೆ ಬೇರೆಯದೇ ನೇಯ್ಗೆ ಬೇಕು. ನಮ್ಮ ಬೀಟ್ ಪೇದೆಗೆ ಎದುರಾಗುವುದು ಹೆಚ್ಚಾಗಿ ಮಚ್ಚು, ಲಾಂಗು, ಕಲ್ಲು. ಇಷ್ಟು ಗೊತ್ತಿಲ್ಲದೆ ಎಲ್ಲರಿಗೂ ಒಂದೇ ಜಾಕೆಟ್ ಕಡ್ಡಾಯ ಮಾಡಿದರೆ, ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಜಾತ್ರೆಯ ಬಂದೋಬಸ್ತಿಗೆ ನಿಂತವನಿಗೆ ಯಾವ ಶತ್ರುವಿನ ಅಗತ್ಯವೂ ಇರುವುದಿಲ್ಲ.

ಆದರೂ ಅಂತಹ ಜಾಕೆಟ್ ಯಾವುದೋ ಠಾಣೆಗೆ ಬಂತೆಂದೇ ಇಟ್ಟುಕೊಳ್ಳಿ. ಬಂದದ್ದು ಎರಡು. ಒಂದು ಸಾಹೇಬರ ಕೊಠಡಿಯಲ್ಲಿ, ಕುರ್ಚಿಯ ಹಿಂಬದಿಗೆ. ಇನ್ನೊಂದು ಬೀರುವಿನಲ್ಲಿ, ಬೀರುವಿಗೆ ಬೀಗ, ಬೀಗದ ಕೈ ರೈಟರ್ ಬಳಿ, ರೈಟರ್ ಕೋರ್ಟ್ ಡ್ಯೂಟಿಯಲ್ಲಿ. ಮಧ್ಯರಾತ್ರಿ ಕರೆ ಬಂದು ಓಡುವ ಪೇದೆ ಫೋನಿನಲ್ಲಿ ‘ಸರ್, ಜಾಕೆಟ್...’ ಎನ್ನುತ್ತಾನೆ. ‘ನೀನು ಮೊದಲು ಹೋಗಪ್ಪ, ಹಿಂದಿನಿಂದ ಕಳುಹಿಸುತ್ತೇವೆ’ ಎನ್ನುತ್ತಾರೆ ಸಾಹೇಬರು. ವಾರ್ಷಿಕ ತಪಾಸಣೆಯ ದಿನ ಮಾತ್ರ ಎರಡೂ ಜಾಕೆಟ್‌ಗಳು ಧೂಳು ಕೊಡವಿಕೊಂಡು ಮೇಜಿನ ಮೇಲೆ ಅಕ್ಕಪಕ್ಕ ಮಲಗುತ್ತವೆ.

ಕಡ್ಡಾಯದ ದಿನ ಬಂದೇ ಬರುವುದರಿಂದ, ಇಲಾಖೆಯ ಶ್ರಮ ಉಳಿಸಲು ಸುತ್ತೋಲೆಯ ಕರಡನ್ನು ನಾನೇ ಸಿದ್ಧಪಡಿಸಿದ್ದೇನೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಎಲ್ಲ ಸಿಬ್ಬಂದಿ ಕರ್ತವ್ಯದ ವೇಳೆ ಗುಂಡುನಿರೋಧಕ ಜಾಕೆಟ್ಟನ್ನು ಕಡ್ಡಾಯವಾಗಿ ಧರಿಸತಕ್ಕದ್ದು. ಜಾಕೆಟ್ ಸರಬರಾಜಾಗುವವರೆಗೆ, ಧರಿಸಿರುವ ಬಗ್ಗೆ ಸ್ವಯಂ ದೃಢೀಕರಣ ಪತ್ರ ಸಲ್ಲಿಸತಕ್ಕದ್ದು. ಪ್ಲಾಸ್ಟಿಕ್ ಸ್ಟೂಲು, ಕುರ್ಚಿ, ಬುಟ್ಟಿ ಮುಂತಾದ ಅನಧಿಕೃತ ಸಾಮಗ್ರಿಗಳನ್ನು ಛಾಯಾಚಿತ್ರಗ್ರಾಹಕರ ಸಮ್ಮುಖದಲ್ಲಿ ಬಳಸುವುದನ್ನು ಗಂಭೀರವಾಗಿ ಪರಿಗಣಿಸಲಾಗುವುದು. ಜಾಕೆಟ್ ಮುಚ್ಚದ ಭಾಗಕ್ಕೆ ಗುಂಡು ತಾಗಿಸಿಕೊಂಡಲ್ಲಿ ಇಲಾಖೆ ಜವಾಬ್ದಾರಿಯಲ್ಲ. ಮುಚ್ಚಿದ ಭಾಗಕ್ಕೆ ತಾಗಿ ಜಾಕೆಟ್ ತೂತಾದಲ್ಲಿ, ಅದು ಸರ್ಕಾರಿ ಸ್ವತ್ತಿಗೆ ಉಂಟಾದ ಹಾನಿಯಾಗಿರುವುದರಿಂದ, ಅದರ ಮೊತ್ತವನ್ನು ಸಂಬಂಧಪಟ್ಟ ಸಿಬ್ಬಂದಿಯ ವೇತನದಿಂದ, ಅದು ಸಾಧ್ಯವಾಗದ ಸಂದರ್ಭದಲ್ಲಿ ಕುಟುಂಬ ಪಿಂಚಣಿಯಿಂದ, ಸುಲಭ ಕಂತುಗಳಲ್ಲಿ ವಸೂಲು ಮಾಡತಕ್ಕದ್ದು.