ಮರಿ ತುಂಬಾ ಸಹಕರಿಸಿತು

ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್‌ಸರ್ ಪಟ್ಟಿ ಸೇರಿದ ಸುದ್ದಿ 2024ರಲ್ಲಿ ಬಂದಾಗ ಕುಮಟಾ ಸೀಮೆಯಲ್ಲಿ ಹಿಗ್ಗಿದವರು ಬಹಳ ಮಂದಿ. ಹಕ್ಕಿಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಕೆಂಪು ಟಿಟ್ಟಿಭ, "ಪಟ್ಟಿಗೆ ಬೇಕಾದರೆ ಸೇರಿಸಿ, ವಿಳಾಸ ಮಾತ್ರ ಹೇಳಬೇಡಿ" ಎನ್ನುತ್ತಿತ್ತೇನೋ. ಹೇಳಿಯಾಗಿದೆ. ಬೇಸಿಗೆ ಬಂತೆಂದರೆ ಗಜನಿ ಎನ್ನುವ, ಉಪ್ಪುನೀರು ನುಗ್ಗುವ ಗದ್ದೆಗಳ ಒಣಗಿದ ಬಯಲಿಗೆ ಪಕ್ಷಿಪ್ರೇಮಿಗಳ ಜೀಪುಗಳು ಇಳಿಯುತ್ತವೆ.

ಪ್ರೇಮವೆಂದರೆ ಅಂತಿಂಥ ಪ್ರೇಮವಲ್ಲ. ಒಂದು ಮರವೂ ಇಲ್ಲದ ಬಯಲಿನಲ್ಲಿ ಎಲೆಬಣ್ಣದ ಅಂಗಿ, ಹೆಗಲ ಮೇಲೆ ಬಾಳೆದಿಂಡಿನಷ್ಟು ದಪ್ಪದ ಲೆನ್ಸ್. 600 ಮಿಲಿಮೀಟರಿನ ಆ ಲೆನ್ಸು ಹುಟ್ಟಿದ್ದೇ ದೂರ ನಿಂತು ಚಿತ್ರ ತೆಗೆಯುವುದಕ್ಕೆ. ಲಕ್ಷಗಟ್ಟಲೆ ಸುರಿದು ಕೊಂಡವರು ಅದನ್ನು ಹೊತ್ತುಕೊಂಡೇ ಗೂಡಿನ ಎರಡು ಮಾರು ಹತ್ತಿರಕ್ಕೆ ತೆವಳುತ್ತಾರೆ.

ಗೂಡೆಂದರೆ ಬರಿನೆಲದಲ್ಲೊಂದು ತಗ್ಗು, ಸುತ್ತ ಒಂದಿಷ್ಟು ಹರಳು, ನಡುವೆ ಮಣ್ಣಿನ ಬಣ್ಣದ ಮೂರೋ ನಾಲ್ಕೋ ಮೊಟ್ಟೆ. ಕಾಗೆಯ ಕಣ್ಣು ತಪ್ಪಿಸಲು ಹಕ್ಕಿ ಮಾಡಿಕೊಂಡ ಏರ್ಪಾಡು ಇಷ್ಟೇ. ಆದರೆ ಪಕ್ಕದ ಹುಲ್ಲುಕಡ್ಡಿ ಚಿತ್ರಕ್ಕೆ ಅಡ್ಡ ಬರುತ್ತದಲ್ಲ! ಒಬ್ಬರು ಕಿತ್ತೆಸೆಯುತ್ತಾರೆ. ಈಗ ಕ್ಯಾಮೆರಾಕ್ಕೆ ಸೊಗಸಾಗಿ ಕಾಣುತ್ತದೆ. ಕಾಗೆಗೂ ಕಾಣುತ್ತದೆ, ಅದಕ್ಕೆ ಲೆನ್ಸಿನ ಖರ್ಚೂ ಇಲ್ಲ.

ಟಿಟ್ಟಿಭದ ಮರಿ ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿಗೇ ಓಡಾಡತೊಡಗುತ್ತದೆ. ಹಿರಿಯರು ಅಪಾಯದ ಕೂಗು ಹಾಕಿದೊಡನೆ ಇದ್ದಲ್ಲೇ ನೆಲಕ್ಕೆ ಅಂಟಿಕೊಳ್ಳುತ್ತದೆ. ಕತ್ತು ಚಾಚಿ, ಮೈ ಚಪ್ಪಟೆ ಮಾಡಿ, ಅಲುಗದೆ ಬಿದ್ದಿರುತ್ತದೆ. ಜೀವಭಯ ಅದು. ನಮ್ಮವರು ಮನೆಗೆ ಬಂದು ಚಿತ್ರದ ಕೆಳಗೆ ಬರೆಯುತ್ತಾರೆ: "ಮರಿ ತುಂಬಾ ಸಹಕರಿಸಿತು."

ಮಧ್ಯಾಹ್ನದ ಉರಿಬಿಸಿಲಿನಲ್ಲಿ ಟಿಟ್ಟಿಭ ನೀರಿಗಿಳಿದು ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಹಾಗೆ ನೆನೆದು ಬಂದದ್ದಕ್ಕೆ ಕೂರಲು ದಾರಿಯಿಲ್ಲ. ಅರಚುತ್ತ ಸುತ್ತುವಷ್ಟರಲ್ಲಿ ಪುಕ್ಕ ಒಣಗುತ್ತದೆ. ಕೆಳಗೆ ಎಳನೀರು ಹಂಚಿಕೆ ನಡೆದಿರುತ್ತದೆ. ಚಿಪ್ಪಿಕಲ್ಲಿನ ಬುಟ್ಟಿ ಹೊತ್ತು ಬರುವ ಹೆಂಗಸೊಬ್ಬಳು, "ತಮ್ಮಾ, ಅದು ಅಷ್ಟು ಬಾಯಿ ಬಡಿದುಕೊಳ್ಳುತ್ತಿದೆ, ಎದ್ದು ಬರಬಾರದೇ?" ಎಂದರೆ ಸಿಗುವ ಉತ್ತರ: "ಶ್, ಅಕ್ಕಾ, ಹತ್ತಿರ ಬರಬೇಡಿ. ಹಕ್ಕಿಗೆ ತೊಂದರೆಯಾಗುತ್ತದೆ."

ಹಾಗೆ ಅರಚುತ್ತ ಎರಗಿದ ಚಿತ್ರಕ್ಕೇ ಬಹುಮಾನ. ಶೀರ್ಷಿಕೆ 'ಮಾತೃಹೃದಯ'. ಟಿಟ್ಟಿಭದಲ್ಲಿ ಗಂಡು, ಹೆಣ್ಣು ನೋಡಲು ಹೆಚ್ಚುಕಡಿಮೆ ಒಂದೇ. ಕಾವು ಕೂರುವುದೂ ಮರಿ ಕಾಯುವುದೂ ಇಬ್ಬರ ಪಾಲು. ಎರಗಿದ್ದು ಅಪ್ಪನೂ ಇರಬಹುದು, ಆದರೆ ಅಪ್ಪನಿಗೆ ಲೈಕ್ ಬೀಳುವುದಿಲ್ಲ. ದೂರದಲ್ಲಿ ಕಾರಿನೊಳಗೇ ಕುಳಿತು ಒಂದೆರಡು ಚಿತ್ರ ತೆಗೆದು ಹೊರಡುವವರೂ ಇದ್ದಾರೆ. ಅವರ ಚಿತ್ರದಲ್ಲಿ ಹಕ್ಕಿ ನೆಮ್ಮದಿಯಾಗಿರುತ್ತದೆ, ಹಾಗಾಗಿ ಬಹುಮಾನ ಬರುವುದಿಲ್ಲ.

ಬಹುಮಾನ ಯಾವ ವಿಭಾಗದಲ್ಲಿ ಎನ್ನುತ್ತೀರಿ? 'ಸಂರಕ್ಷಣೆ'. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಾದರೋ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ಲೆಕ್ಕಕ್ಕೇ ಹಿಡಿದಿದೆ. ಬೇಟೆಗೆ ಶಾಲು ಹೊದಿಸಿ, ಫಲತಾಂಬೂಲ ಕೊಡುವ ಪದ್ಧತಿ ರಾಜರ ಕಾಲಕ್ಕೇ ಮುಗಿಯಿತೆಂದು ನಾವು ತಿಳಿದಿದ್ದೆವು.

ಹಳೆಯ ಕಥೆಯಲ್ಲಿ ಟಿಟ್ಟಿಭದ ಮೊಟ್ಟೆಯನ್ನು ಕಡಲು ಕದ್ದಿತ್ತು. ದೂರು ಗರುಡನಿಗೆ ಮುಟ್ಟಿ, ಅಲ್ಲಿಂದ ವಿಷ್ಣುವಿನವರೆಗೂ ಹೋಗಿ, ಕಡಲು ಹೆದರಿ ಮೊಟ್ಟೆಗಳನ್ನು ಹಿಂತಿರುಗಿಸಿತು. ಕಡಲಿನ ಮೇಲೆ ದೂರು ಕೊಡುವುದು ಸುಲಭ. ತಾನು ಪಕ್ಷಿಪ್ರೇಮಿಯೆಂದು ಅದು ಎಲ್ಲೂ ಹೇಳಿಕೊಂಡಿರಲಿಲ್ಲ.

ಬಹುಮಾನಿತರು ಮುಂದಿನ ಭಾನುವಾರ ಅದೇ ಗಜನಿಯಲ್ಲಿ ಕಾರ್ಯಾಗಾರ ನಡೆಸುತ್ತಾರಂತೆ. ಶುಲ್ಕದಲ್ಲಿ ಮೀನೂಟ ಸೇರಿದೆ. ಮರಿ ಕಾಣಿಸದಿದ್ದರೆ ಹಣ ವಾಪಸ್ ಇಲ್ಲ. ಹುಲ್ಲು ಕಿತ್ತಿಡಲು ಇಬ್ಬರು ಹುಡುಗರು ಶನಿವಾರವೇ ಬರುತ್ತಾರೆ.