ಆ ಗಿಟಾರನ್ನು ‘ಕಸದಿಂದ ರಸ’ ಎನ್ನಬೇಡಿ

ಬ್ರಿಟನ್ನಿನ ರಾಕ್ ಸಂಗೀತ ತಂಡ ಕ್ವೀನ್‌ನ ಗಿಟಾರ್ ವಾದಕ ಬ್ರಯಾನ್ ಮೇ ಅವರ ಕೆಂಪು ಗಿಟಾರಿನ ಚಿತ್ರ ಮೊನ್ನೆ ಮತ್ತೆ ನನ್ನ ಕಣ್ಣಿಗೆ ಬಿತ್ತು. ಕೆಳಗೆ ಅದೇ ಹಳೆಯ ಮಾತು: ಹಳೆ ಮರ, ಸೈಕಲ್ ಬಿಡಿಭಾಗ, ಗುಂಡಿ ಸೇರಿಸಿ ಹುಡುಗನೊಬ್ಬ ಗಿಟಾರ್ ಮಾಡಿದ, ಕಸದಿಂದ ರಸ ತೆಗೆದ. ಹಂಚಿಕೊಂಡವರ ಮನಸ್ಸು ಒಳ್ಳೆಯದೇ. ಆದರೂ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎರಡು ವರ್ಷದ ಲೆಕ್ಕಾಚಾರವನ್ನು ಅದು ಅದೃಷ್ಟದ ಖಾತೆಗೆ ಬರೆದುಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲೇ ನಿಂತಿದ್ದ ಒಬ್ಬ ಮನುಷ್ಯನನ್ನು ಚಿತ್ರದಿಂದಲೇ ಅಳಿಸಿಹಾಕುತ್ತದೆ.

ಆ ಮನುಷ್ಯ ಬ್ರಯಾನ್ ಅವರ ತಂದೆ ಹೆರಾಲ್ಡ್ ಮೇ. ವೃತ್ತಿಯಲ್ಲಿ ಎಲೆಕ್ಟ್ರಾನಿಕ್ಸ್ ನಕ್ಷೆಗಾರರು. ಮಗನ ಜೊತೆ ಕೂತು ದೂರದರ್ಶಕವನ್ನೂ ಮಾಡಿದ್ದವರು. 1963ರ ಆಗಸ್ಟ್‌ನಲ್ಲಿ, ಲಂಡನ್ನಿನ ಹೊರವಲಯದ ಫೆಲ್ಟಮ್‌ನಲ್ಲಿದ್ದ ಮನೆಯ ಖಾಲಿ ಕೋಣೆಯೊಂದರಲ್ಲಿ ಅಪ್ಪ ಮಗ ಕೆಲಸ ಶುರುಮಾಡಿದರು. ಹುಡುಗನಿಗೆ ಆಗ 16 ವರ್ಷ. ಅವನಿಗೆ ಫೆಂಡರ್ ಸ್ಟ್ರಾಟೋಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್ ಬೇಕಿತ್ತು. ಅದರ ಬೆಲೆ ನೂರು ಪೌಂಡ್‌ ದಾಟುತ್ತಿತ್ತು, ಮನೆಯಲ್ಲಿ ಅಷ್ಟು ಹಣವಿರಲಿಲ್ಲ. ಮಾಡಿಯೇ ನೋಡೋಣ ಎಂದುಕೊಂಡರು. ಪಿಕಪ್‌ಗಳನ್ನು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳನ್ನು, ಬಿಟ್ಟು ಒಟ್ಟು ಖರ್ಚಾದದ್ದು ಸುಮಾರು 8 ಪೌಂಡ್.

ಹೌದು, ಸಾಮಾನೆಲ್ಲ ಹಳೆಯದೇ. ಗಿಟಾರಿನ ಕುತ್ತಿಗೆಗೆ ಬಂದದ್ದು ಹಳೆಯ ಬೆಂಕಿಗೂಡೊಂದರ ಮೇಲಿದ್ದ, ನೂರು ವರ್ಷಕ್ಕೂ ಹಳೆಯದಾದ ಮಹಾಗನಿ ಹಲಗೆ. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು, ಅವಕ್ಕೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಒಡಲಿನ ನಡುವಿನ ತುಂಡು ಹಳೆಯ ಓಕ್ ಮೇಜಿನದು. ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ನಡುವಿನ ಬಿಳಿ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯಿಂದ ಬಂದ ಮುತ್ತಿನ ಚಿಪ್ಪಿನ ಗುಂಡಿಗಳು.

ಚಿತ್ರ ಹಂಚಿಕೊಳ್ಳುವವರು ಇಲ್ಲಿಗೇ ನಿಲ್ಲುತ್ತಾರೆ. ನನ್ನ ಪ್ರಕಾರ ಈ ಗಿಟಾರಿನ ಜೀವ ಇರುವುದು ಅದರ ಟ್ರೆಮೊಲೋದಲ್ಲಿ, ಅಂದರೆ ತಂತಿಗಳನ್ನು ಒಟ್ಟಿಗೆ ಸಡಿಲಿಸಿ ಸ್ವರವನ್ನು ಜಾರಿಸುವ ಆ ಸಣ್ಣ ಸನ್ನೆಗೋಲಿನಲ್ಲಿ. ಆ ಕಾಲದ ಗಿಟಾರುಗಳಲ್ಲಿ ಅದನ್ನೊಮ್ಮೆ ಜೋರಾಗಿ ಒತ್ತಿದರೆ ಶ್ರುತಿ ಹೋಯಿತೆಂದೇ ಲೆಕ್ಕ. ಕಾರಣ ಘರ್ಷಣೆ. ತಂತಿ ಎಲ್ಲಿ ಉಜ್ಜುತ್ತದೋ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಹೊರಟ ಜಾಗಕ್ಕೆ ಸರಿಯಾಗಿ ಮರಳುವುದಿಲ್ಲ. ಅಪ್ಪ ಮಗ ಇದಕ್ಕೆ ಕಂಡುಕೊಂಡ ಪರಿಹಾರ ತಕ್ಕಡಿಯದು. ತಂತಿ ಕಟ್ಟಿದ ಉಕ್ಕಿನ ತಟ್ಟೆಯನ್ನು ಹಳೆಯ ಚಾಕುವೊಂದರ ಗಟ್ಟಿ ಅಲಗಿನ ಮೇಲೆ ತೂಗುವಂತೆ ಕೂರಿಸಿದರು. ಒಂದು ಬದಿಯಿಂದ ಆರು ತಂತಿಗಳ ಎಳೆತ. ಇನ್ನೊಂದು ಬದಿಯಿಂದ ಅದನ್ನು ಸರಿದೂಗಿಸಲು 1928ರ ಪ್ಯಾಂಥರ್ ಮೋಟಾರ್‌ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗ್. ತಂತಿಗಳನ್ನು ಹೊರುವ ಬ್ರಿಡ್ಜ್‌ನಲ್ಲಿ ಪ್ರತಿ ತಂತಿಯ ಕೆಳಗೂ ಕೈಯಲ್ಲೇ ಮಾಡಿದ ಪುಟ್ಟ ರೋಲರ್. ಉಜ್ಜುವ ಕಡೆಗಳೆಲ್ಲ ಉರುಳುವ ಕಡೆಗಳಾದವು. ಹಿಡಿ ಮಾಡಿದ್ದು ಸೈಕಲ್ ಸೀಟಿನ ಹಿಂದೆ ಚೀಲ ತೂಗುಹಾಕುವ ಕಂಬಿಯಿಂದ, ಅದರ ತುದಿಗೆ ಅಮ್ಮ ಉಣ್ಣೆ ಹೆಣೆಯುವ ಕಡ್ಡಿಯ ಚೂರು.

ನಮ್ಮಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದರು. ಹಾರ್ಲಿಕ್ಸ್ ಬಾಟಲಿಗಳ ತುಂಬ ಸ್ಕ್ರೂ, ಸ್ಪ್ರಿಂಗ್, ವಾಷರ್. ಬಂದವರಿಗೆ ಅದು ಗುಜರಿಯಂತೆ ಕಾಣುತ್ತಿತ್ತು. ಅಪ್ಪ ಮಾತ್ರ ಒಂದೊಂದನ್ನೂ ಬೆಳಕಿಗೆ ಹಿಡಿದು, ಉಗುರಿನಿಂದ ಒತ್ತಿ ನೋಡಿ, ಇದು ಬೇಡ ಎಂದು ವಾಪಸ್ ಹಾಕುತ್ತಿದ್ದರು. ಹತ್ತು ಬೇಡಗಳಾದ ಮೇಲೆ ಒಂದು ಬೇಕು. ಆ ಮೋಟಾರ್‌ಸೈಕಲ್ ಸ್ಪ್ರಿಂಗ್ ಎಂದಾಗ ನನಗೆ ನೆನಪಾಗುವುದು ಆ ಉಗುರು.

ಹೆರಾಲ್ಡ್ ಮತ್ತು ಬ್ರಯಾನ್ ಅವರ ಪ್ರಯತ್ನವೆಲ್ಲ ಮೊದಲ ಸಲಕ್ಕೇ ಗೆಲ್ಲಲಿಲ್ಲ. ಬ್ರಯಾನ್ ಸಾವಿರಾರು ಸುತ್ತು ತಾಮ್ರದ ತಂತಿ ಸುತ್ತಿ ಪಿಕಪ್‌ಗಳನ್ನೂ ತಾವೇ ಮಾಡಿದ್ದರು. ನಾದ ಚೆನ್ನಾಗಿತ್ತು, ಆದರೆ ತಂತಿಯನ್ನು ಬೆರಳಿನಿಂದ ಅಡ್ಡಕ್ಕೆ ಎಳೆದಾಗ ಸ್ವರ ವಿಚಿತ್ರವಾಗಿ ಕೆರೆಯುತ್ತಿತ್ತು. ಒಳಗಿನ ಅಯಸ್ಕಾಂತಗಳ ಧ್ರುವಗಳ ಜೋಡಣೆಯೇ ಅದಕ್ಕೆ ಕಾರಣ. ಕೊನೆಗೆ ಬರ್ನ್ಸ್ ಕಂಪನಿಯ ಮೂರು ಟ್ರೈ-ಸಾನಿಕ್ ಪಿಕಪ್ ಕೊಂಡು ತಂದರು. ಅವು ಸುಮ್ಮನೆ ಕೂಗಿಕೊಳ್ಳಬಾರದೆಂದು ಒಳಗೆ ಅರಾಲ್ಡೈಟ್ ಅಂಟು ತುಂಬಿದರು. ಒಂದೊಂದಕ್ಕೂ ಎರಡು ಸ್ವಿಚ್: ಒಂದು ಅದನ್ನು ಹಾಕಿ ಆರಿಸಲು, ಇನ್ನೊಂದು ಅದರ ಅಲೆಯನ್ನು ತಿರುವುಮುರುವು ಮಾಡಲು. ಎರಡು ಪಿಕಪ್‌ಗಳ ಅಲೆ ಒಂದೇ ದಿಕ್ಕಿಗಿದ್ದರೆ ನಾದ ತುಂಬಿಕೊಳ್ಳುತ್ತದೆ. ಎದುರುಬದುರಾದರೆ ಮಂದ್ರ ಕರಗಿ ಚೂಪಾದ ಕೂಗಷ್ಟೇ ಉಳಿಯುತ್ತದೆ. ತಂತಿ ಮೀಟುವ ಪ್ಲೆಕ್ಟ್ರಮ್ ಬದಲು ಬ್ರಯಾನ್ ಬಳಸುವುದು ಆರು ಪೆನ್ಸ್ ನಾಣ್ಯ. ಅದರ ಹಲ್ಲುಹಲ್ಲಾದ ಅಂಚು ತಂತಿಗೆ ತಾಗಿದಾಗ ಪ್ರತಿ ಸ್ವರದ ಆರಂಭಕ್ಕೂ ಒಂದು ಗರಗರ ಬರುತ್ತದೆ. ಕ್ವೀನ್‌ನ ಮೊದಲ ಆಲ್ಬಂಗಳ ಮೇಲೆ ‘ಇದರಲ್ಲಿ ಸಿಂಥಸೈಜರ್ (ವಿದ್ಯುನ್ಮಾನವಾಗಿ ನಾದ ಹುಟ್ಟಿಸುವ ವಾದ್ಯ) ಬಳಸಿಲ್ಲ’ ಎಂಬ ಅರ್ಥದ ಸಾಲು ಇರುತ್ತಿತ್ತು. ಪದರ ಪದರವಾಗಿ ಒಂದರ ಮೇಲೊಂದು ನುಡಿಸಿ ಸೇರಿಸಿದ ಈ ಒಂದೇ ಗಿಟಾರಿನ ದನಿ ಅಷ್ಟು ಬಗೆಯಲ್ಲಿ ಕೇಳಿಸುತ್ತಿತ್ತು.

ಗಿಟಾರ್ ಮುಂದೆ ಎಲ್ಲೆಲ್ಲಿಗೆ ಹೋಯಿತೆಂದು ಬಹಳ ಮಂದಿಗೆ ಗೊತ್ತು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲಿ ಬರ ಪರಿಹಾರಕ್ಕಾಗಿ ನಡೆದ ಲೈವ್ ಏಡ್ ಸಂಗೀತ ಕಾರ್ಯಕ್ರಮದ ವೇದಿಕೆ. 2002ರಲ್ಲಿ ರಾಣಿ ಎರಡನೇ ಎಲಿಜಬೆತ್ ಸಿಂಹಾಸನವೇರಿದ್ದರ ಸುವರ್ಣೋತ್ಸವದಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಛಾವಣಿ, ಅಲ್ಲಿ ರಾಷ್ಟ್ರಗೀತೆ. ನನಗೆ ಹೆಚ್ಚು ತಟ್ಟುವುದು ಅಪ್ಪ ಮಗನ ನಡುವೆ ಆದದ್ದು. ಮಗ ಇಂಪೀರಿಯಲ್ ಕಾಲೇಜಿನಲ್ಲಿ ಖಭೌತಶಾಸ್ತ್ರದ ಸಂಶೋಧನೆ ಅರ್ಧಕ್ಕೆ ಬಿಟ್ಟು ತಂಡದ ಜೊತೆ ಹೊರಟಾಗ ಹೆರಾಲ್ಡ್‌ಗೆ ತೀರಾ ನೋವಾಯಿತು. ಗಿಟಾರ್ ಮಾಡಿಕೊಟ್ಟ ಅದೇ ಅಪ್ಪ ಗಿಟಾರಿನ ಬದುಕನ್ನು ಒಪ್ಪಲಿಲ್ಲ. ಅವರನ್ನು ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಷ್ಟಪಟ್ಟು ಓದಿಸಿದ ಯಾವ ತಂದೆಗೆ ಹಾಗನಿಸದೆ ಇರುತ್ತದೆ? ವರ್ಷಗಳ ನಂತರ ಬ್ರಯಾನ್ ತಂದೆ ತಾಯಿಯನ್ನು ಕಾಂಕಾರ್ಡ್ ವಿಮಾನದಲ್ಲಿ ನ್ಯೂಯಾರ್ಕಿಗೆ ಕರೆಸಿಕೊಂಡರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಗನ ಸಂಗೀತ ಕಛೇರಿ ನೋಡಿದ ಹೆರಾಲ್ಡ್, ಈಗ ಅರ್ಥವಾಯಿತು ಎಂದು ಅವರ ಕೈ ಕುಲುಕಿದರು. ಬಿಟ್ಟ ಸಂಶೋಧನೆಯನ್ನು ಬ್ರಯಾನ್ 2007ರಲ್ಲಿ ಮುಗಿಸಿ ಪಿಎಚ್‌ಡಿ ಪಡೆದರು. ಗ್ರಹಗಳ ನಡುವಿನ ಧೂಳಿನ ಚಲನೆ ಅವರ ವಿಷಯ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಆ ಕೆಂಪು ಗಿಟಾರಿನ ಚಿತ್ರವನ್ನು ಇನ್ನೊಮ್ಮೆ ಹಂಚಿಕೊಳ್ಳುವಾಗ ‘ಕಸ’ ಎಂಬ ಪದವನ್ನು ಬಿಟ್ಟುಬಿಡಿ. ಉಳಿದ ಜಾಗದಲ್ಲಿ ಹೆರಾಲ್ಡ್ ಮೇ ಎಂದು ಬರೆಯಿರಿ.