ಕದ್ದ ಬಟ್ಟಲು

ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬ ಟೆರ್ರಿ ಬ್ರೂಕ್ಸ್ ಬರೆದ 'ದಿ ಸ್ವೋರ್ಡ್ ಆಫ್ ಶನಾರಾ' ಕೊಟ್ಟಿದ್ದ. ಎರಡು ರಾತ್ರಿ ನಿದ್ದೆಗೆಟ್ಟು ಓದಿದೆ. ಆಮೇಲೆ ಟೋಲ್ಕಿನ್ ಬರೆದ 'ಲಾರ್ಡ್ ಆಫ್ ದಿ ರಿಂಗ್ಸ್' ಸಿಕ್ಕಿತು. ಅರೆ, ಈ ಮನುಷ್ಯ ಬ್ರೂಕ್ಸ್‌ನನ್ನು ಕಾಪಿ ಹೊಡೆದಿದ್ದಾನಲ್ಲ ಅಂದುಕೊಂಡೆ! ಇಸವಿ ನೋಡಿದರೆ ಟೋಲ್ಕಿನ್‌ದು 1954, ಬ್ರೂಕ್ಸ್‌ದು 1977.

ಏನೂ ಅರಿಯದ ಹಳ್ಳಿ ಹುಡುಗ, ಅಪಾಯದ ಸುದ್ದಿ ಹೊತ್ತು ಬರುವ ಎತ್ತರದ ಮಾಂತ್ರಿಕ, ಬೆನ್ನಟ್ಟುವ ಕಪ್ಪು ಜೀವಿಗಳು, ದೂರದಲ್ಲಿ ಕೂತ ದುಷ್ಟ ಒಡೆಯ. ಎರಡೂ ಪುಸ್ತಕಗಳಲ್ಲಿ ಸಾಲಾಗಿ ಎಲ್ಲವೂ ಅವೇ.

ಹಾಗಂತ ಟೋಲ್ಕಿನ್ ಏನೂ ಕದ್ದಿಲ್ಲವಾ? ಗ್ಯಾಂಡಾಲ್ಫ್, ಥೋರಿನ್ ಅನ್ನುವ ಅವರ ಪಾತ್ರಗಳ ಹೆಸರುಗಳು ಹಳೆಯ ನಾರ್ಸ್ (ಸ್ಕ್ಯಾಂಡಿನೇವಿಯಾದ) ಕಾವ್ಯವೊಂದರ ಕುಬ್ಜರ ಪಟ್ಟಿಯಿಂದ ಬಂದಿವೆ. 'ಬಿಯೊವುಲ್ಫ್' ಎಂಬ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ, ಓಡಿಬಂದ ಒಬ್ಬ ಆಳು ಮಲಗಿದ್ದ ಡ್ರ್ಯಾಗನ್ನಿನ ನಿಧಿಯಿಂದ ಒಂದು ಬಟ್ಟಲು ಕದೀತಾನೆ. ಅದು ಎದ್ದು ಊರು ಸುಡುತ್ತದೆ. ಟೋಲ್ಕಿನ್ 1937ರಲ್ಲಿ ತಂದ 'ದಿ ಹಾಬಿಟ್'ನಲ್ಲಿ ನಾಯಕ ಬಿಲ್ಬೋ ಡ್ರ್ಯಾಗನ್ನಿನಿಂದ ಕದಿಯುವುದೂ ಬಟ್ಟಲನ್ನೇ.

ಆದರೆ ಹಳೆ ಕಾವ್ಯಕ್ಕೆ ಬೇಕಾದವನು ರಾಜ. ಕಳ್ಳನಿಗೆ ಸಿಗುವುದು ಕೆಲವೇ ಸಾಲು, ಹೆಸರಂತೂ ಇಲ್ಲ. ಟೋಲ್ಕಿನ್ ಆ ಕಳ್ಳನ ಹಿಂದೆ ಹೋದರು. ಕತ್ತಲ ಸುರಂಗದಲ್ಲಿ ಒಬ್ಬನೇ ನಡೆಯುವವನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ನೋಡಿದರು. ಅಲ್ಲಿ ಡ್ರ್ಯಾಗನ್ ಕೊಂದವನೇ ಪಕ್ಕದ ಪಾತ್ರ!

ಬ್ರೂಕ್ಸ್‌ಗೂ ಅಂಥದ್ದೊಂದು ಗಳಿಗೆ ಬರುತ್ತದೆ. (ಓದದವರು ಈ ಪ್ಯಾರಾ ಬಿಡಿ.) ಆ ಕತ್ತಿ ಕಡಿಯುವುದಿಲ್ಲ, ಮುಟ್ಟಿದವರಿಗೆ ಅವರದೇ ಸತ್ಯ ತೋರಿಸುತ್ತದೆ. ದುಷ್ಟ ಒಡೆಯ ಎಂದೋ ಸತ್ತಿದ್ದಾನೆ, ಸತ್ತಿಲ್ಲ ಅಂತ ನಂಬಿಕೊಂಡೇ ಬದುಕಿದ್ದಾನೆ. ಅದು ಅಪ್ಪಟ ಬ್ರೂಕ್ಸ್. ಅಷ್ಟು ದಪ್ಪ ಪುಸ್ತಕದಲ್ಲಿ ಅದು ಬರುವುದು ತೀರಾ ಕೊನೆಗೆ ಅನ್ನುವುದೇ ನನ್ನ ಹೊಟ್ಟೆಯುರಿ.

ನಾನೂ ಸಾಚಾ ಅಲ್ಲ. ಒಂದು ಫ್ಯಾಂಟಸಿ ಶುರು ಮಾಡಿ, ಕಥೆಗಿಂತ ಮೊದಲು ಮ್ಯಾಪ್ ಬರೆದಿದ್ದೆ. ಶತ್ರುಗಳಿಂದ ಓಡುತ್ತಿದ್ದ ನನ್ನ ನಾಲ್ವರು ವೀರರು ದಿನಾ ರಾತ್ರಿ ಸ್ಟ್ಯೂ ಮಾಡಿಕೊಂಡು ತಿನ್ನುತ್ತಿದ್ದರು. ಫ್ಯಾಂಟಸಿಯವರ ಈ ಸ್ಟ್ಯೂ ಹುಚ್ಚನ್ನು ಲೇಖಕಿ ಡಯಾನಾ ವಿನ್ ಜೋನ್ಸ್ 1996ರಲ್ಲೇ ಚೆನ್ನಾಗಿ ಗೇಲಿ ಮಾಡಿದ್ದಾರೆ. ಗಂಟೆಗಟ್ಟಲೆ ಬೇಯಬೇಕಾದ ಅಡುಗೆ ಅದು. ಓಡುವವರಿಗೆ ಅಷ್ಟು ಪುರುಸೊತ್ತೆಲ್ಲಿ? ಹೋಗಲಿ, ಅಷ್ಟು ದೊಡ್ಡ ಪಾತ್ರೆ ಹೊತ್ತವರು ಯಾರು?

ನೋಟ್‌ಬುಕ್ ತೆಗೆದು ನೋಡಿದೆ, ಯಾರೂ ಹೊತ್ತಿರಲಿಲ್ಲ. ಮ್ಯಾಪ್ ಹರಿದು ಹಾಕಿದ್ದೇನೆ. ಈಗ ಆ ಪಾತ್ರೆ ಹೊರುವವನಿಗೆ ಒಂದು ಹೆಸರು ಹುಡುಕುತ್ತಿದ್ದೇನೆ.